ಪ್ರೋಗ್ರಾಂ ಚೇಂಜ್ ಕಳಿಸಿದರೆ ಬೇರೆಯೇ ಸೌಂಡ್, ಬ್ಯಾಂಕ್ ಎರಡನೇ ಸಲಕ್ಕೆ ಬದಲಾಗುತ್ತಿದೆ

ಕಪ್ಪುಬಿಳಿಮನೆ:

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್‌ನ ಸೀಕ್ವೆನ್ಸರ್‌ನಿಂದಲೇ (ನೋಟ್‌ಗಳನ್ನು ಜೋಡಿಸಿಟ್ಟು ನುಡಿಸುವ ಸಾಫ್ಟ್‌ವೇರ್) ಕೀಬೋರ್ಡ್‌ನ ಸೌಂಡ್ ಬದಲಾಗಬೇಕು ಅಂತ ನೋಡುತ್ತಿದ್ದೇನೆ. ಅದಕ್ಕೆ ಮಿಡಿ (ವಾದ್ಯ, ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಭಾಷೆ) ಮೂಲಕ ಪ್ರೋಗ್ರಾಂ ಚೇಂಜ್, ಅಂದರೆ ಸೌಂಡ್ ಬದಲಿಸು ಅನ್ನುವ ಮೆಸೇಜ್, ಕಳಿಸುತ್ತಿದ್ದೇನೆ. ಪಲ್ಲವಿಗೆ ಒಂದು ಸೌಂಡ್, ಚರಣಕ್ಕೆ ಇನ್ನೊಂದು. ನೋಟ್‌ಗಳೆಲ್ಲ ಸರಿಯಾಗಿ ಹೋಗುತ್ತಿವೆ, ಹಾಗಾಗಿ ಕೇಬಲ್ಲು, ಚಾನೆಲ್ಲು ಸರಿ ಇವೆ.

ಚರಣಕ್ಕೆ ಬೇಕಾದದ್ದು ಪ್ರೀಸೆಟ್ 3 ಅನ್ನುವ ಬ್ಯಾಂಕಿನ (ಸೌಂಡ್‌ಗಳ ಗುಂಪು) 18ನೇ ಸೌಂಡ್. ಮ್ಯಾನ್ಯುಯಲ್‌ನ ಪಟ್ಟಿಯಲ್ಲಿ ಅದರ ಮುಂದೆ ಎಂಎಸ್‌ಬಿ 63, ಎಲ್‌ಎಸ್‌ಬಿ 2 (ಬ್ಯಾಂಕ್ ಅಂಕಿಯ ಎರಡು ಭಾಗಗಳು), ಪ್ರೋಗ್ರಾಂ 18 ಅಂತ ಇದೆ. ಅದನ್ನೇ ಹಾಕಿದ್ದೇನೆ. ಪ್ಲೇ ಒತ್ತಿದರೆ ಪ್ರೀಸೆಟ್ 1ರ 19 ಬರುತ್ತದೆ. ನಿಲ್ಲಿಸಿ ಮತ್ತೆ ಪ್ಲೇ ಒತ್ತಿದರೆ ಪ್ರೀಸೆಟ್ 3ಕ್ಕೆ ಹೋಗುತ್ತದೆ, ಆದರೆ ಅಲ್ಲೂ 19! ಕೀಬೋರ್ಡ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನದೇ ಕಥೆ. ಕೀಬೋರ್ಡ್ ಕೆಟ್ಟಿದೆಯಾ?

ಐದುಪಿನ್:

ಕೆಟ್ಟಿಲ್ಲ. ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ, ಅದಕ್ಕೇ ತಲೆ ಕೆಡಿಸುತ್ತಿದೆ.

18 ಹಾಕಿದರೆ 19 ಬರುವುದು ಸುಲಭದ್ದು. ಪ್ರೋಗ್ರಾಂ ಚೇಂಜ್‌ನಲ್ಲಿ ಹೋಗುವ ಅಂಕಿ 0ರಿಂದ 127ರವರೆಗೆ. ಕೀಬೋರ್ಡ್‌ಗಳು ಪರದೆ ಮೇಲೆ ಸಾಮಾನ್ಯವಾಗಿ 1ರಿಂದ 128 ಅಂತ ತೋರಿಸುತ್ತವೆ. ಸಾಫ್ಟ್‌ವೇರ್‌ಗಳಲ್ಲಿ ಕೆಲವು 0ಯಿಂದ ಎಣಿಸುತ್ತವೆ, ಕೆಲವು 1ರಿಂದ. ನಿಮ್ಮದು 0ಯಿಂದ. 17 ಹಾಕಿ, ಮುಗಿಯಿತು.

ಬ್ಯಾಂಕ್ ವಿಷಯದಲ್ಲಿ ನೀವು ಬರೆದ "ಎರಡನೇ ಸಲಕ್ಕೆ ಬದಲಾಗುತ್ತಿದೆ" ಅನ್ನುವುದೇ ಸುಳಿವು. ಬ್ಯಾಂಕ್ ಸೆಲೆಕ್ಟ್ (ಬ್ಯಾಂಕ್ ಆರಿಸುವ ಮೆಸೇಜ್) ಬಂದ ತಕ್ಷಣ ಕೀಬೋರ್ಡ್ ಏನನ್ನೂ ಬದಲಿಸುವುದಿಲ್ಲ. "ಮುಂದಿನ ಪ್ರೋಗ್ರಾಂ ಚೇಂಜ್ ಬಂದಾಗ ಈ ಬ್ಯಾಂಕಿನಿಂದ ತೆಗೆಯಬೇಕು" ಅಂತ ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಮೊದಲು ಕಂಟ್ರೋಲ್ ಚೇಂಜ್ ಅಥವಾ ಸಿಸಿ 0 (ಎಂಎಸ್‌ಬಿ), ಆಮೇಲೆ ಸಿಸಿ 32 (ಎಲ್‌ಎಸ್‌ಬಿ), ಕೊನೆಗೆ ಪ್ರೋಗ್ರಾಂ ಚೇಂಜ್ ಹೋಗಬೇಕು. ನಿಮ್ಮಲ್ಲಿ ಪ್ರೋಗ್ರಾಂ ಚೇಂಜ್ ಮುಂದೆ ಓಡುತ್ತಿದೆ ಅನ್ನಿಸುತ್ತದೆ. ಮೊದಲ ಸಲ ಹಳೆಯ ಬ್ಯಾಂಕಿನಿಂದ ಸೌಂಡ್ ಬಂತು, ಹಿಂದೆ ಬಂದ ಬ್ಯಾಂಕ್ ನೆನಪಲ್ಲಿ ಉಳಿಯಿತು, ಎರಡನೇ ಸಲ ಅದು ಕೆಲಸಕ್ಕೆ ಬಂತು. ಆಫ್ ಮಾಡಿದಾಗ ಆ ನೆನಪು ಹೋಗುತ್ತದೆ.

ಊಹೆ ಬೇಡ, ಏನು ಹೋಗುತ್ತಿದೆ ಅಂತ ಕಣ್ಣಾರೆ ನೋಡಿ. ಹೋಗುವ ಮೆಸೇಜ್‌ಗಳನ್ನು ತೋರಿಸುವ ಸಾಫ್ಟ್‌ವೇರ್‌ಗಳಿವೆ: ವಿಂಡೋಸ್ ಆದರೆ ಮಿಡಿ-ಆಕ್ಸ್, ಮ್ಯಾಕ್ ಆದರೆ ಮಿಡಿ ಮಾನಿಟರ್. ಬಂದ ಸಾಲುಗಳನ್ನು ಇಲ್ಲಿ ಹಾಕಿ.

ಕಪ್ಪುಬಿಳಿಮನೆ:

ಹಾಕಿದ್ದೇನೆ ಸರ್. ಮೂರೂ ಒಂದೇ ಟಿಕ್‌ನಲ್ಲಿವೆ (ಸೀಕ್ವೆನ್ಸರ್ ಎಣಿಸುವ ಅತಿ ಚಿಕ್ಕ ಸಮಯ):

ಸಿ0 12
ಬಿ0 00 3ಎಫ್
ಬಿ0 20 02

ನಾನು 18 ಹಾಕಿದರೆ ಇಲ್ಲಿ 12 ಯಾಕಿದೆ?

ಐದುಪಿನ್:

ಅದು ಹೆಕ್ಸ್, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆಯುವ ಅಂಕಿ. ಹೆಕ್ಸ್‌ನ 12 ಅಂದರೆ ನಮ್ಮ 18. 3ಎಫ್ ಅಂದರೆ 63, 20 ಅಂದರೆ 32. ಸಿ0 ಅನ್ನುವುದು 1ನೇ ಚಾನೆಲ್‌ನ ಪ್ರೋಗ್ರಾಂ ಚೇಂಜ್, ಬಿ0 ಅದೇ ಚಾನೆಲ್‌ನ ಕಂಟ್ರೋಲ್ ಚೇಂಜ್. ನೋಡಿ, ಸಿ0 ಮೊದಲೇ ಹೊರಟುಬಿಟ್ಟಿದೆ. ಮೂರನ್ನೂ ಒಂದೇ ಟಿಕ್‌ನಲ್ಲಿ ಇಟ್ಟರೆ ಯಾವುದು ಮುಂದೆ ಹೋಗಬೇಕು ಅಂತ ಸಾಫ್ಟ್‌ವೇರ್ ತನಗೆ ತೋಚಿದಂತೆ ನಿರ್ಧರಿಸುತ್ತದೆ. ಒಂದೊಂದು ಟಿಕ್ ದೂರ ಇಡಿ.

ಜಾಸ್ತಿ ದೂರ ಬೇಡ. ಹಳೆಯ ಐದು ಪಿನ್ ಕೇಬಲ್‌ನಲ್ಲೂ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್‌ಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ನಿಮ್ಮ ಮೂರು ಮೆಸೇಜ್ ಸೇರಿ 8 ಬೈಟ್, ಅಂದರೆ ಸುಮಾರು 2.5 ಮಿಲಿಸೆಕೆಂಡ್. ಸಮಯ ಹಿಡಿಯುವುದು ಕೀಬೋರ್ಡ್ ಆ ಸೌಂಡನ್ನೂ ಅದರ ಎಫೆಕ್ಟ್‌ಗಳನ್ನೂ ಸಿದ್ಧ ಮಾಡಿಕೊಳ್ಳುವುದಕ್ಕೆ. ಚರಣದ ಮೊದಲ ನೋಟ್ ಇರುವ ಜಾಗದಲ್ಲೇ ಇಡಬೇಡಿ, ಒಂದು ಬೀಟ್ ಮುಂಚೆ ಇಡಿ.

ಮಂದ್ರ:

ನಡುವೆ ಬಾಯಿ ಹಾಕುತ್ತಿದ್ದೇನೆ. ಬೇರೆ ಕೀಬೋರ್ಡ್ ಇಟ್ಟುಕೊಂಡು ಇದನ್ನು ಓದುವವರು ಈ 63, 2 ಅನ್ನೇ ಹಾಕಬೇಡಿ. ಬ್ಯಾಂಕ್ ಅಂಕಿ ಒಂದೊಂದು ಕಂಪನಿಗೆ ಒಂದೊಂದು ಥರ. ಒಂದೇ ವಾದ್ಯದ ಬೇರೆ ಬೇರೆ ಬಗೆಗಳನ್ನು ರೋಲ್ಯಾಂಡ್ ಕಂಪನಿಯ ಜಿಎಸ್ ಪದ್ಧತಿ ಎಂಎಸ್‌ಬಿಯಲ್ಲಿ ಇಡುತ್ತದೆ, ಯಮಾಹಾದ ಎಕ್ಸ್‌ಜಿ ಪದ್ಧತಿ ಎಲ್‌ಎಸ್‌ಬಿಯಲ್ಲಿ. ನಿಮ್ಮ ಮ್ಯಾನ್ಯುಯಲ್ ಅಥವಾ ಡೇಟಾ ಲಿಸ್ಟ್‌ನ ಪಟ್ಟಿಯೇ ಗತಿ. ಕೆಲವು ಸಾಫ್ಟ್‌ವೇರ್‌ನಲ್ಲಿ ಬ್ಯಾಂಕ್‌ಗೆ ಒಂದೇ ಖಾನೆ ಇರುತ್ತದೆ. ಆಗ ಎಂಎಸ್‌ಬಿಯನ್ನು 128ರಿಂದ ಗುಣಿಸಿ ಎಲ್‌ಎಸ್‌ಬಿ ಕೂಡಿಸಿ: 63 ಸಲ 128 ಅಂದರೆ 8064, ಅದಕ್ಕೆ 2 ಸೇರಿಸಿದರೆ 8066. ಸೌಂಡ್ ಬದಲಾಗುವುದೇ ಇಲ್ಲ ಅನ್ನುವವರು ಕೀಬೋರ್ಡ್‌ನ ಮಿಡಿ ಮೆನುವಿನಲ್ಲಿ ಪ್ರೋಗ್ರಾಂ ಚೇಂಜ್ ಮತ್ತು ಬ್ಯಾಂಕ್ ಸೆಲೆಕ್ಟ್ ಸ್ವೀಕರಿಸುವುದು ಆನ್ ಇದೆಯಾ ಅಂತ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ.

ಕಪ್ಪುಬಿಳಿಮನೆ:

ಸರಿಹೋಯಿತು! ಈಗ ಬಿ0 00 3ಎಫ್, ಬಿ0 20 02, ಸಿ0 11 ಅಂತ ಸಾಲಾಗಿ ಹೋಗುತ್ತಿದೆ. ಮೊದಲ ಸಲಕ್ಕೇ ಪ್ರೀಸೆಟ್ 3ರ 18. ಇಬ್ಬರಿಗೂ ಥ್ಯಾಂಕ್ಸ್. ಇನ್ನೂ ಎರಡು ಕಿರಿಕಿರಿ ಇವೆ. ಹಾಡನ್ನು ಚರಣದ ನಡುವಿನಿಂದ ಶುರು ಮಾಡಿದರೆ ಪಲ್ಲವಿಯ ಸೌಂಡೇ ಉಳಿಯುತ್ತದೆ. ಮತ್ತೆ, ಸೌಂಡ್ ಬದಲಾಗುವಾಗ ಪಲ್ಲವಿಯ ಕೊನೆಯ ಸ್ವರ ಪಟ್ ಅಂತ ಕಡಿದುಹೋಗುತ್ತದೆ.

ಐದುಪಿನ್:

ಮೊದಲನೆಯದಕ್ಕೆ ಸೀಕ್ವೆನ್ಸರ್‌ನಲ್ಲಿ ಚೇಸ್ ಅನ್ನುವ ಆಯ್ಕೆ ಹುಡುಕಿ. ಅದನ್ನು ಆನ್ ಮಾಡಿದರೆ ನೀವು ಎಲ್ಲಿಂದ ಶುರು ಮಾಡಿದರೂ ಹಿಂದಿನ ಪ್ರೋಗ್ರಾಂ ಚೇಂಜನ್ನು ಹುಡುಕಿ ಕಳಿಸುತ್ತದೆ. ಕಂಟ್ರೋಲರ್‌ಗಳಿಗೂ ಚೇಸ್ ಆನ್ ಇರಲಿ, ಇಲ್ಲದಿದ್ದರೆ ಬ್ಯಾಂಕ್ ಬಿಟ್ಟುಹೋಗುತ್ತದೆ.

ಕಡಿಯುವುದಕ್ಕೆ ಪ್ರೋಗ್ರಾಂ ಚೇಂಜ್‌ನಲ್ಲಿ ಮದ್ದಿಲ್ಲ. ಹಳೆ ಸೌಂಡ್ ಮೊಳಗುತ್ತಲೇ ಹೊಸದಕ್ಕೆ ಹೋಗುವ ಸೌಲಭ್ಯ ಕೆಲವು ಹೊಸ ಕೀಬೋರ್ಡ್‌ಗಳಲ್ಲಿದೆ, ನಿಮ್ಮದರಲ್ಲಿ ಇಲ್ಲ ಅಂತ ಕಾಣುತ್ತದೆ. ಮಲ್ಟಿ ಮೋಡ್ (ಒಂದೊಂದು ಚಾನೆಲ್‌ಗೆ ಒಂದೊಂದು ಸೌಂಡ್ ಇಡುವ ವ್ಯವಸ್ಥೆ) ಇದ್ದರೆ ಪಲ್ಲವಿಯ ಸೌಂಡನ್ನು 1ನೇ ಚಾನೆಲ್‌ಗೆ, ಚರಣದ್ದನ್ನು 2ನೇ ಚಾನೆಲ್‌ಗೆ ಹಾಕಿ. ಎರಡನ್ನೂ ಹಾಡಿನ ಮುಂಚಿನ ಖಾಲಿ ಬಾರ್‌ನಲ್ಲೇ ಕರೆದಿಟ್ಟು, ಚರಣದ ನೋಟ್‌ಗಳನ್ನು 2ನೇ ಚಾನೆಲ್‌ನ ಟ್ರ್ಯಾಕ್‌ಗೆ ಸರಿಸಿ. 2ನೇ ಚಾನೆಲ್‌ನ ಮೆಸೇಜ್‌ಗಳು ಮಾನಿಟರ್‌ನಲ್ಲಿ ಬಿ1, ಸಿ1 ಅಂತ ಕಾಣುತ್ತವೆ.