ಎಂಡೋ ಎಚ್ ಹಾಕಿದರೆ ಕೆಳಗಿನ ಬ್ಯಾಂಡ್ ಮಾತ್ರ ಇಳಿಯುತ್ತದೆ: ಮ್ಯುಟೆಂಟ್ ಇಆರ್‌ನಲ್ಲೇ ಸಿಕ್ಕಿಕೊಂಡಿದೆಯೇ?

ಪಾಷಾಣ_ಪ್ಲೇಟು (ಪುಣೆ)

ಎಲ್ಲರಿಗೂ ನಮಸ್ಕಾರ. ಪೊರೆಯನ್ನು ಒಂದೇ ಸಲ ದಾಟುವ ಗ್ಲೈಕೊಪ್ರೋಟೀನ್ ಒಂದನ್ನು ಎಚ್‌ಇಕೆ 293 ಕೋಶಗಳಲ್ಲಿ ಸಿಎಮ್‌ವಿ ಪ್ರೊಮೋಟರ್‌ನಿಂದ ಎಕ್ಸ್‌ಪ್ರೆಸ್ ಮಾಡಿಸಿದ್ದೇವೆ. ಅದರಲ್ಲಿ ನಾಲ್ಕು ಎನ್-ಗ್ಲೈಕೊಸೈಲೇಶನ್ ಜಾಗಗಳಿವೆ (ಆಸ್ಪರಜಿನ್ ಮೇಲೆ ಸಕ್ಕರೆ ಗೊಂಚಲು ಅಂಟುವ ಜಾಗಗಳು). ಸಕ್ಕರೆ ಬಿಟ್ಟರೆ ಲೆಕ್ಕದ ತೂಕ 52 ಕಿಲೋಡಾಲ್ಟನ್.

ವೆಸ್ಟರ್ನ್ ಬ್ಲಾಟ್‌ನಲ್ಲಿ ವೈಲ್ಡ್ ಟೈಪ್‌ಗೆ (ಬದಲಾಗದ ಮೂಲ ರೂಪಕ್ಕೆ) ಎರಡು ಬ್ಯಾಂಡ್: 62ರ ಹತ್ತಿರ ಚೊಕ್ಕವಾದ ಒಂದು ಗೆರೆ, 70ರ ಆಸುಪಾಸಿನಲ್ಲಿ ಹರಡಿಕೊಂಡ ಇನ್ನೊಂದು. ಒಂದೇ ಅಮೈನೋ ಆಮ್ಲ ಬದಲಾದ ಮ್ಯುಟೆಂಟ್‌ಗೆ 62 ಮಾತ್ರ. ಎಂಡೋ ಎಚ್ (ಇನ್ನೂ ಬಲಿಯದ ಸಕ್ಕರೆ ಗೊಂಚಲನ್ನು ಕತ್ತರಿಸುವ ಕಿಣ್ವ) ಹಾಕಿದರೆ 62 ಹೋಗಿ 53ಕ್ಕೆ ಬರುತ್ತದೆ, 70 ಕದಲುವುದಿಲ್ಲ. ಎರಡೂ ಬಗೆಯ ಗೊಂಚಲು ಕತ್ತರಿಸುವ ಪಿಎನ್‌ಗೇಸ್ ಎಫ್ ಹಾಕಿದರೆ ಎರಡೂ 52ಕ್ಕೆ.

ಮೂರು ಸಂದೇಹ. 70 ಕದಲದಿರುವುದು ಕಿಣ್ವ ಕೆಲಸ ಮಾಡದ ಲಕ್ಷಣವೇ? ಮ್ಯುಟೆಂಟ್ ಇಆರ್‌ನಲ್ಲೇ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ, ಪ್ರೋಟೀನ್ ಮಡಿಚುವ ಕೋಶಾಂಗ) ಉಳಿದಿದೆ ಎಂದು ಬರೆದುಬಿಡಬಹುದೇ? ಇನ್ನು ಎಲ್ಲಕ್ಕಿಂತ ಗೊಂದಲದ್ದು: ಬ್ರೆಫೆಲ್ಡಿನ್ ಎ 5 ಮೈಕ್ರೋಗ್ರಾಂ/ಎಮ್‌ಎಲ್‌ನಂತೆ 4 ಗಂಟೆ ಕೊಟ್ಟರೆ ಮ್ಯುಟೆಂಟ್‌ನ ಬಹುಪಾಲು ಎಂಡೋ ಎಚ್‌ಗೆ ಜಗ್ಗದಂತಾಗುತ್ತದೆ. ಇಆರ್‌ನಿಂದ ಹೊರಗೆ ಬಿಡದ ಔಷಧ ಕೊಟ್ಟ ಮೇಲೆ ಇದು ಹೇಗೆ ಸಾಧ್ಯ?

ಕುರ್ಲಾ_ಕನ್ನಡಿಗ (ಮುಂಬೈ)

ಕಿಣ್ವ ಸರಿಯಾಗಿಯೇ ಇದೆ. 62 ಪೂರ್ತಿ ಇಳಿದಿದೆಯಲ್ಲ, ಅದೇ ಸಾಕ್ಷಿ.

ಇಆರ್‌ನಲ್ಲಿ ಆಸ್ಪರಜಿನ್ ಮೇಲೆ ಕೂರುವುದು ಮೊದಲೇ ಕಟ್ಟಿಟ್ಟ 14 ಸಕ್ಕರೆಗಳ ಗೊಂಚಲು: 3 ಗ್ಲೂಕೋಸ್, 9 ಮ್ಯಾನೋಸ್, 2 ಗ್ಲುಕ್‌ನ್ಯಾಕ್ (ಎನ್-ಅಸಿಟೈಲ್ ಗ್ಲೂಕೋಸಮೈನ್). ಗ್ಲೂಕೋಸಿಡೇಸ್ 1 ಹೊರಗಿನ ಗ್ಲೂಕೋಸ್ ಕತ್ತರಿಸುತ್ತದೆ, ಗ್ಲೂಕೋಸಿಡೇಸ್ 2 ಎರಡನೆಯದನ್ನು. ಒಂದೇ ಒಂದು ಗ್ಲೂಕೋಸ್ ಉಳಿದಾಗ ಮಡಿಕೆಗೆ ನೆರವಾಗುವ ಕ್ಯಾಲ್ನೆಕ್ಸಿನ್, ಕ್ಯಾಲ್ರೆಟಿಕ್ಯುಲಿನ್ ಹಿಡಿದುಕೊಳ್ಳುತ್ತವೆ, ಜೊತೆಗಿರುವ ಇಆರ್‌ಪಿ57 ಡೈಸಲ್ಫೈಡ್ ಕೊಂಡಿಗಳನ್ನು ಸರಿಮಾಡುತ್ತದೆ. ಆ ಕೊನೆಯ ಗ್ಲೂಕೋಸ್ ಕೂಡ ಹೋದಾಗ ಬಿಡುಗಡೆ. ಮಡಿಕೆ ಸರಿಯಿಲ್ಲದಿದ್ದರೆ ಯುಜಿಜಿಟಿ ಎಂಬ ಕಿಣ್ವ ಒಂದು ಗ್ಲೂಕೋಸ್ ಮತ್ತೆ ಅಂಟಿಸಿ ವಾಪಸ್ ಕ್ಯಾಲ್ನೆಕ್ಸಿನ್ ಕೈಗೆ ಕೊಡುತ್ತದೆ. ಸರಿಯಾಗಿ ಮಡಿಚಿದ್ದು ಕಾಪ್-2 ಕೋಶಿಕೆಗಳಲ್ಲಿ ಗಾಲ್ಜಿಗೆ (ಸಕ್ಕರೆ ತಿದ್ದುವ ಮುಂದಿನ ಕೋಶಾಂಗಕ್ಕೆ) ಹೊರಡುತ್ತದೆ. ಇಷ್ಟೆಲ್ಲ ಹಂತಗಳಲ್ಲೂ ಸಕ್ಕರೆ ಹೈ-ಮ್ಯಾನೋಸ್ ಜಾತಿಯದೇ, ಎಂಡೋ ಎಚ್ ಸುಲಭವಾಗಿ ಕತ್ತರಿಸುತ್ತದೆ.

ಗಾಲ್ಜಿಯಲ್ಲಿ ಮ್ಯಾನೋಸ್ 5ಕ್ಕೆ ಇಳಿಯುತ್ತದೆ, ಜಿಎನ್‌ಟಿ-1 ಒಂದು ಗ್ಲುಕ್‌ನ್ಯಾಕ್ ಸೇರಿಸುತ್ತದೆ, ಆಮೇಲೆ ಮ್ಯಾನೋಸಿಡೇಸ್ 2 ಇನ್ನೆರಡು ಮ್ಯಾನೋಸ್ ತೆಗೆಯುತ್ತದೆ. ಎಂಡೋ ಎಚ್‌ನ ಹಿಡಿತ ತಪ್ಪುವುದು ಈ ಕೊನೆಯ ಕತ್ತರಿಯಲ್ಲಿ. ಮುಂದೆ ಗ್ಯಾಲಕ್ಟೋಸ್, ಸಯಾಲಿಕ್ ಆಮ್ಲ ಸೇರುತ್ತವೆ. ಪ್ರತಿ ಅಣುವಿಗೂ ಒಂದೇ ಅಳತೆಯಲ್ಲಿ ಸೇರುವುದಿಲ್ಲವಾದ್ದರಿಂದ ನಿಮ್ಮ 70 ಹರಡಿಕೊಂಡಿದೆ. 53ಕ್ಕೂ 52ಕ್ಕೂ ಇರುವ ಅಂತರ ಕೂಡ ನಿಜವಾದದ್ದೇ: ಎಂಡೋ ಎಚ್ ಪ್ರತಿ ಜಾಗದಲ್ಲಿ ಒಂದು ಗ್ಲುಕ್‌ನ್ಯಾಕ್ ಬಿಟ್ಟುಹೋಗುತ್ತದೆ. ಒಂದಕ್ಕೆ ಸುಮಾರು 203 ಡಾಲ್ಟನ್, ನಾಲ್ಕಕ್ಕೆ 0.8 ಕಿಲೋಡಾಲ್ಟನ್. ಪಿಎನ್‌ಗೇಸ್ ಎಫ್ ಪೂರ್ತಿ ಬೋಳಿಸಿ ಆಸ್ಪರಜಿನ್ ಅನ್ನು ಆಸ್ಪಾರ್ಟಿಕ್ ಆಮ್ಲ ಮಾಡಿಬಿಡುತ್ತದೆ.

ಈಗ ಎರಡನೇ ಪ್ರಶ್ನೆ. ಇಷ್ಟರ ಮೇಲೆ 'ಇಆರ್‌ನಲ್ಲೇ ಉಳಿದಿದೆ' ಎಂದು ಬರೆಯಬೇಡಿ. 48 ಗಂಟೆಯ ಒಂದು ಲೈಸೇಟ್ (ಒಡೆದ ಕೋಶಗಳ ರಸ) ಅಂದರೆ ದಾದರ್ ಪ್ಲಾಟ್‌ಫಾರ್ಮಿನ ಒಂದು ಫೋಟೋ ಇದ್ದಂತೆ: ಯಾರು ಈಗ ಇಳಿದವರು, ಯಾರು ಗಂಟೆಯಿಂದ ಕಾಯುತ್ತಿರುವವರು ಅಂತ ಅದರಲ್ಲಿ ತಿಳಿಯದು. ಮ್ಯುಟೆಂಟ್ ನಿಂತಿರಬಹುದು, ಬಹಳ ನಿಧಾನವಾಗಿ ಸಾಗುತ್ತಿರಬಹುದು, ಅಥವಾ ಹುಟ್ಟಿದ್ದೆಲ್ಲ ಇಆರ್‌ಎಡಿ (ಇಆರ್‌ನ ಕೆಟ್ಟ ಪ್ರೋಟೀನನ್ನು ಹೊರಹಾಕಿ ನಾಶಮಾಡುವ) ದಾರಿಯಲ್ಲಿ ಪ್ರೋಟಿಯಸೋಮ್ ಪಾಲಾಗುತ್ತಿರಬಹುದು. ಮೂರಕ್ಕೂ ಬ್ಲಾಟ್ ಒಂದೇ ಥರ ಕಾಣುತ್ತದೆ.

ಕೋಶ ಯಾವುದು ಅನ್ನುವುದೂ ಮುಖ್ಯ. ವೈಲ್ಡ್ ಟೈಪ್‌ನಲ್ಲಿ 70 ಬರುತ್ತಿರುವುದರಿಂದ ನಿಮಗೆ ತೊಂದರೆಯಿಲ್ಲ. ಜಿಎನ್‌ಟಿ-1 ಇಲ್ಲದ ಎಚ್‌ಇಕೆ 293ಎಸ್ ಬಳಸುವವರು ಮಾತ್ರ ನೆನಪಿಡಿ: ಅಲ್ಲಿ ಕೋಶದ ಮೇಲ್ಮೈಗೆ ಬಂದ ಪ್ರೋಟೀನೂ ಎಂಡೋ ಎಚ್‌ಗೆ ಕತ್ತರಿಸಿಹೋಗುತ್ತದೆ.

ಮಾಂಡೋವಿ_ದಂಡೆ (ಪಣಜಿ)

ಬ್ರೆಫೆಲ್ಡಿನ್ ಬಗ್ಗೆ ನಾ ಹೇಳ್ತೀನ್ರಿ. ಅದು ಇಆರ್ ಬಾಗಿಲಾ ಹಾಕೂದಿಲ್ಲ, ಗಾಲ್ಜಿನ್ನ ಇಆರ್ ಒಳಗ ಎಳಕೊಂಡು ಬರ್ತದ. ಜಿಬಿಎಫ್1 ಕೆಲಸ ನಿಲ್ತದ, ಎಆರ್‌ಎಫ್1 ಚುರುಕಾಗೂದಿಲ್ಲ, ಕಾಪ್-1 (ಗಾಲ್ಜಿ ಕೋಶಿಕಿಗಳ ಹೊದಿಕಿ) ಕಳಚಿ ಬೀಳ್ತದ. ಆಮ್ಯಾಗ ಗಾಲ್ಜಿ ಪದರು ಇಆರ್ ಜೋಡಿ ಬೆರೀತಾವ. ಮ್ಯಾನೋಸಿಡೇಸ್ 2, ಜಿಎನ್‌ಟಿ-1 ಎಲ್ಲಾ ಪ್ರೋಟೀನ್ ಇದ್ದಲ್ಲಿಗೇ ಬಂದು ಕೆಲಸಾ ಮಾಡ್ತಾವ. ಅದಕ್ಕ ಎಂಡೋ ಎಚ್ ತಡಕೊಳ್ಳಾಕತ್ತದ. ಟ್ರಾನ್ಸ್ ಗಾಲ್ಜಿ ನೆಟ್‌ವರ್ಕ್ ಮಾತ್ರ ಎಂಡೋಸೋಮ್ ಕಡೆ ಹೋಗ್ತದ, ಹಿಂಗಾಗಿ ಸಯಾಲಿಕ್ ಆಮ್ಲ ಸರಿಯಾಗಿ ಕೂಡೂದಿಲ್ಲ. ನಿಮ್ಮ ಬ್ಲಾಟ್ ಮತ್ತೊಮ್ಮೆ ನೋಡ್ರಿ, ಬ್ರೆಫೆಲ್ಡಿನ್ ಕೊಟ್ಟ ಬ್ಯಾಂಡ್ 70ಕ್ಕಿಂತ ತುಸು ಕೆಳಗ, ಕಡಿಮಿ ಹರಡಿರಬೇಕು.

ಇದನ್ನ ಗೊಂದಲ ಅನ್ನಬ್ಯಾಡ್ರಿ, ಛಲೋ ಕಂಟ್ರೋಲ್ ಸಿಕ್ಕದ ನಿಮಗ. ಮ್ಯುಟೆಂಟ್ ಮಡಿಕಿ ಕೆಟ್ಟು ಸಕ್ಕರಿ ಜಾಗಾ ಮುಚ್ಚಿಹೋಗ್ಯಾವೇನು, ಅದಕ್ಕ ಎಂಡೋ ಎಚ್‌ಗೆ ಬಗ್ಗತದೇನು ಅಂತ ರಿವ್ಯೂವರ್ ಕೇಳೇ ಕೇಳ್ತಾರ. ಕಿಣ್ವಗಳು ಬಂದ ಮ್ಯಾಲ ಅದೇ ಮ್ಯುಟೆಂಟ್ ಕಾಂಪ್ಲೆಕ್ಸ್ ಸಕ್ಕರಿ ತಗೊಂಡದ ಅಂದ್ರ ಜಾಗಾ ತೆರದೇ ಅದಾವ. ಬ್ರೆಫೆಲ್ಡಿನ್ ಇಲ್ಲದಾಗ ಅದು ಆ ಕಿಣ್ವಗಳ ಹತ್ರ ಹೋಗಿಲ್ಲಾ ಅಂತಾಯ್ತು.

ಜೆಲ್ ವಿಷಯ. 10-20 ಮೈಕ್ರೋಗ್ರಾಂ ಲೈಸೇಟ್, 0.5% ಎಸ್‌ಡಿಎಸ್, 40 ಮಿಲಿಮೋಲಾರ್ ಡಿಟಿಟಿ, 100 ಡಿಗ್ರಿ 10 ನಿಮಿಷ. ತಣ್ಣಗಾದ ಮ್ಯಾಲ ಎರಡು ಪಾಲು ಮಾಡ್ರಿ. ಎಂಡೋ ಎಚ್‌ಗೆ ಪಿಎಚ್ 6ರ ಬಫರ್, ಪಿಎನ್‌ಗೇಸ್ ಎಫ್‌ಗೆ ಪಿಎಚ್ 7.5. ಪಿಎನ್‌ಗೇಸ್ ಎಫ್‌ಗೆ ಎಸ್‌ಡಿಎಸ್ ಆಗಿ ಬರೂದಿಲ್ಲ, 1% ಎನ್‌ಪಿ-40 ಹಾಕದಿದ್ರ ಕಿಣ್ವ ಸತ್ತಂಗ. 37 ಡಿಗ್ರಿ 1 ತಾಸು ಸಾಕು. ಕಿಣ್ವ ಇಲ್ಲದ ಪಾಲನ್ನೂ ಅದೇ ಬಫರಿನ್ಯಾಗ ಅಷ್ಟೇ ಹೊತ್ತು ಇಡ್ರಿ. ಪಾಸಿಟಿವ್ ಕಂಟ್ರೋಲ್‌ಗೆ ಆರ್‌ಎನ್‌ಏಸ್ ಬಿ, ಒಂದೇ ಹೈ-ಮ್ಯಾನೋಸ್ ಗೊಂಚಲ ಅದ ಅದರಾಗ. ಆರೇಳು ಸಲ ಪೊರಿ ದಾಟೂ ಪ್ರೋಟೀನ್ ಇದ್ದವರು ಕುದಿಸಬ್ಯಾಡ್ರಿ, ಗಂಟುಗಟ್ಟಿ ಬಾವಿಯೊಳಗ ಕೂಡ್ತದ. 37 ಡಿಗ್ರಿ ಅರ್ಧ ತಾಸು ಇಟ್ರ ನಡೀತದ.

ನಾಲ್ಕೂ ಜಾಗಾ ತುಂಬ್ಯಾವೇನು ನೋಡಬೇಕಂದ್ರ ಎಂಡೋ ಎಚ್ ಬಹಳ ತೆಳು ಮಾಡಿ 5-10 ನಿಮಿಷ ಇಡ್ರಿ. 62ರಿಂದ 53ರ ತನಕ ಮೆಟ್ಟಿಲು ಕಾಣ್ತದ. ಮ್ಯಾಲಿಂದು ಬಿಟ್ಟು ನಾಲ್ಕು ಮೆಟ್ಟಿಲು ಬಂದ್ರ ನಾಲ್ಕೂ ತುಂಬ್ಯಾವ.

ಪಾಷಾಣ_ಪ್ಲೇಟು

ಇಬ್ಬರಿಗೂ ಧನ್ಯವಾದ. ಹೌದು, ಬ್ರೆಫೆಲ್ಡಿನ್ ಬ್ಯಾಂಡ್ 67ರ ಹತ್ತಿರ ಇದೆ, ಚೊಕ್ಕವಾಗಿಯೂ ಇದೆ. ಒಂದು ಫೋಟೋ ಸಾಲದು ಎಂದಿರಿ, ಆದರೆ ಹೊಸ ಪ್ರೋಟೀನಿಗೆ ಗುರುತುಹಾಕಿ ಹಿಂಬಾಲಿಸುವ ಪಲ್ಸ್-ಚೇಸ್‌ಗೆ ವಿಕಿರಣಶೀಲ ಎಸ್-35 ಬೇಕು, ನಮ್ಮ ಲ್ಯಾಬ್‌ಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ ಇಲ್ಲ. ಹೊಸ ಪ್ರೋಟೀನ್ ತಯಾರಿ ನಿಲ್ಲಿಸುವ ಸೈಕ್ಲೊಹೆಕ್ಸಿಮೈಡ್ ಕೊಟ್ಟು ಚೇಸ್ ಮಾಡಿದರೆ ಸಾಕೇ? ಕಿಫುನೆನ್ಸಿನ್ ಕೂಡ ಕೊಟ್ಟು ಇಆರ್‌ಎಡಿ ತಡೆದು ನೋಡುವ ಯೋಚನೆಯಿದೆ.

ಕುರ್ಲಾ_ಕನ್ನಡಿಗ

ಸಾಕು. 100 ಮೈಕ್ರೋಗ್ರಾಂ/ಎಮ್‌ಎಲ್ ಕೊಟ್ಟು 0, 1, 2, 4, 6 ಗಂಟೆಗೆ ತೆಗೆಯಿರಿ, ಪ್ರತಿಯೊಂದಕ್ಕೂ ಎಂಡೋ ಎಚ್ ಹಾಕಿ. ಅದಕ್ಕಿಂತ ಮುಂದೆ ಎಳೆದರೆ ಕೋಶಗಳೇ ಸೊರಗುತ್ತವೆ, ಅಂಕಿಗೆ ಅರ್ಥವಿರದು. ವೈಲ್ಡ್ ಟೈಪ್‌ನಲ್ಲಿ 62 ಕಡಿಮೆಯಾಗುತ್ತ 70 ಏರಬೇಕು. ಮ್ಯುಟೆಂಟ್‌ನ 62 ಹಾಗೇ ನಿಂತರೆ ತಡೆ. 70 ಬಾರದೆಯೇ 62 ಕರಗಿದರೆ ನಾಶ. ಆಗ ಪ್ರೋಟಿಯಸೋಮ್ ತಡೆಯುವ ಎಮ್‌ಜಿ132 10 ಮೈಕ್ರೋಮೋಲಾರ್ ಸೇರಿಸಿ ಮತ್ತೆ ಓಡಿಸಿ. 62 ಉಳಿದುಕೊಂಡರೆ, ಅಥವಾ ಕಿಣ್ವ ಹಾಕದ ಲೇನ್‌ನಲ್ಲೇ 52ರ ಹತ್ತಿರ ಹೊಸ ಬ್ಯಾಂಡ್ ಮೂಡಿದರೆ ಇಆರ್‌ಎಡಿ. ಆ 52 ಸೈಟೋಸಾಲ್‌ನ ಎನ್‌ಜಿಎಲ್‌ವೈ1 ಸಕ್ಕರೆ ಬಿಚ್ಚಿದ್ದು. ಎಮ್‌ಜಿ132ಗೆ ಜಗ್ಗದೆ ಲೈಸೋಸೋಮ್ ತಡೆಯುವ 100 ನ್ಯಾನೋಮೋಲಾರ್ ಬಾಫಿಲೋಮೈಸಿನ್‌ಗೆ ಉಳಿದರೆ ನಾಶ ಆಗುತ್ತಿರುವುದು ಲೈಸೋಸೋಮ್‌ನಲ್ಲಿ, ಪ್ರೋಟೀನ್ ಇಆರ್ ದಾಟಿರಬಹುದು, ಆದರೆ ಇದೊಂದರಿಂದಲೇ ಹಾಗೆನ್ನಲಾಗದು.

ಕಿಫುನೆನ್ಸಿನ್ ಮಾತ್ರ ಈ ಪ್ರಯೋಗಕ್ಕೆ ಬೇಡ. ಇಆರ್ ಮ್ಯಾನೋಸಿಡೇಸ್ 1 ತಡೆದು ಇಆರ್‌ಎಡಿ ನಿಧಾನಿಸುತ್ತದೆ, ಸರಿ. ಆದರೆ ಗಾಲ್ಜಿಯ ಮ್ಯಾನೋಸಿಡೇಸ್ 1 ಕೂಡ ನಿಲ್ಲುತ್ತದೆ. ಮೇಲ್ಮೈಗೆ ಹೋದದ್ದೂ ಹೈ-ಮ್ಯಾನೋಸ್ ಆಗಿಯೇ ಉಳಿಯುತ್ತದೆ, ಎಂಡೋ ಎಚ್ ಏನನ್ನೂ ಬೇರ್ಪಡಿಸಲಾರದು. ಅಲ್ಲಿ ಮೇಲ್ಮೈ ಬಯೋಟಿನೈಲೇಶನ್ ಒಂದೇ ಗತಿ: 4 ಡಿಗ್ರಿಯಲ್ಲಿ 30 ನಿಮಿಷ ಸಲ್ಫೋ-ಎನ್‌ಎಚ್‌ಎಸ್-ಬಯೋಟಿನ್, ಗ್ಲೈಸಿನ್‌ನಿಂದ ನಿಲ್ಲಿಸಿ, ಸ್ಟ್ರೆಪ್ಟಾವಿಡಿನ್ ಮಣಿಗಳಲ್ಲಿ ಎಳೆಯಿರಿ. ಬಯೋಟಿನ್ ಹಾಕುವಾಗ ಟ್ರಿಸ್ ಇಲ್ಲದ ಬಫರ್ ಬಳಸಿ. ಟ್ರಿಸ್‌ನ ಅಮೀನ್ ನಿಮ್ಮ ಕಾರಕವನ್ನು ತಿಂದುಹಾಕುತ್ತದೆ, ಪಿಬಿಎಸ್ ಪಿಎಚ್ 8 ಇಟ್ಟುಕೊಳ್ಳಿ. ಎಳೆದದ್ದರಲ್ಲಿ ಕೋಶದೊಳಗಿನ ಪ್ರೋಟೀನ್ ಜಿಎಪಿಡಿಎಚ್ ಬಂದರೆ ಕೋಶ ಒಡೆದಿದೆ, ಆ ಬ್ಲಾಟ್ ಬಿಸಾಕಿ.

ಮಾಂಡೋವಿ_ದಂಡೆ

ಒಂದು ಪ್ಲೇಟ್ 30 ಡಿಗ್ರಿಗೂ ಇಡ್ರಿ, ಒಂದು ರಾತ್ರಿ. ಸಿಸ್ಟಿಕ್ ಫೈಬ್ರೋಸಿಸ್ ರೋಗಕ್ಕ ಕಾರಣ ಆಗೂ ಸಿಎಫ್‌ಟಿಆರ್‌ನ ಡೆಲ್ಟಾ ಎಫ್508 ಮ್ಯುಟೆಂಟ್ ತಂಪಿನ್ಯಾಗ ಇಆರ್ ದಾಟಿ ಮ್ಯಾಲ ಬರ್ತದ ಅನ್ನೂದು 1992ರಿಂದ ಗೊತ್ತದ. ನಿಮ್ಮದರಾಗೂ 70 ಕಂಡ್ರ ಮಡಿಕಿ ಪೂರಾ ಕೆಟ್ಟಿಲ್ಲ, ಕ್ಯಾಲ್ನೆಕ್ಸಿನ್ ಸುತ್ತಿನ್ಯಾಗ ತಡ ಆಗಾಕತ್ತದ ಅಷ್ಟ. ಆದರ 20 ಡಿಗ್ರಿಗೆ ಇಳಿಸಬ್ಯಾಡ್ರಿ, ಅಲ್ಲಿ ವೈಲ್ಡ್ ಟೈಪ್ ಸೈತ ಟ್ರಾನ್ಸ್ ಗಾಲ್ಜಿ ನೆಟ್‌ವರ್ಕ್‌ನ್ಯಾಗ ನಿಲ್ತದ.