ಲೈಟ್ ಮ್ಯೂಸಿಕ್‌ಗೆ 'ಸುಗಮ ಸಂಗೀತ' ಅಂದ್ರೆ ಸರಿಹೋಗುತ್ತಾ?

ಎಲ್ರಿಗೂ ನಮಸ್ಕಾರ,

ಇಂಗ್ಲೆಂಡಿನ ಸಂಗೀತ ಸಂಯೋಜಕರಾದ ಎರಿಕ್ ಕೋಟ್ಸ್, ರೊನಾಲ್ಡ್ ಬಿಂಜ್ ಇವರ ಸಂಗೀತದ ಬಗ್ಗೆ ಒಂದು ಲೇಖನ ಬರೀತಿದೀನಿ, ಮೊದಲನೇ ಸಾಲಲ್ಲೇ ಪದ ಸಿಗದೆ ನಿಂತಿದೀನಿ. ಇಂಗ್ಲೆಂಡಲ್ಲಿ ಇದಕ್ಕೆ ಲೈಟ್ ಮ್ಯೂಸಿಕ್ ಅಂತಾರೆ, ಹಾಡೋರು ಇರಲ್ಲ, ಆರ್ಕೆಸ್ಟ್ರಾದವರು ನುಡಿಸೋ ಪುಟ್ಟ ಕೃತಿಗಳು, ಯಾವುದೋ ಒಂದು ಊರು, ಒಂದು ಹೊತ್ತು, ಒಂದು ಮೂಡು ಕಣ್ಣಿಗೆ ಕಟ್ಟೋ ಹಾಗೆ ಮಾಡಿರ್ತಾರೆ. ಕೋಟ್ಸ್ 1930ರಲ್ಲಿ ಬರೆದ 'ಬೈ ದ ಸ್ಲೀಪಿ ಲಗೂನ್' ಕೇಳಿ, ಸೆಲ್ಸಿ ಅನ್ನೋ ಊರಿನ ಕಡಲತೀರದಿಂದ ಬೋಗ್ನರ್ ಊರಿನ ಕಡೆ ನೋಡ್ತಾ ಹೊಳೆದಿದ್ದಂತೆ ಅದು, ನಿಧಾನವಾದ ವಾಲ್ಟ್ಸ್ (ಮೂರು ಎಣಿಕೆಯ ಕುಣಿತದ ನಡೆ), 1942ರಿಂದ ಬಿಬಿಸಿಯ ಒಂದು ರೇಡಿಯೋ ಕಾರ್ಯಕ್ರಮಕ್ಕೆ ಅದೇ ಸಿಗ್ನೇಚರ್ ಟ್ಯೂನ್.

ಇದನ್ನ ಸುಗಮ ಸಂಗೀತ ಅಂತ ಬರೆದ್ರೆ ನಮ್ಮ ಬೆಂಗಳೂರಲ್ಲಿ ಓದೋರಿಗೆ ತಕ್ಷಣ ನೆನಪಾಗೋದು ಭಾವಗೀತೆ, ಕಾಳಿಂಗರಾಯರು, ಅಶ್ವತ್ಥ್. ಅಲ್ಲಿ ಕವಿತೆಯೇ ಜೀವಾಳ, ಇಲ್ಲಿ ಮಾತೇ ಇಲ್ಲ. ಬರೀ ಆರ್ಕೆಸ್ಟ್ರಾ ಅಂದ್ರೆ ಗಣೇಶನ ಪೆಂಡಾಲು, ರಾಜ್ಯೋತ್ಸವದ ಸ್ಟೇಜು, ಸಿನಿಮಾ ಹಾಡು. ವಾದ್ಯಗೋಷ್ಠಿದೂ ಅದೇ ಕತೆ. ಹಿನ್ನೆಲೆ ಸಂಗೀತ ಅನ್ನೋಕೆ ಮುಂದೆ ಒಂದು ದೃಶ್ಯ ಇರಬೇಕು, ಇಲ್ಲಿ ಸಂಗೀತವೇ ದೃಶ್ಯ.

ಲಘು ಸಂಗೀತ ಅನ್ನೋದಂತೂ ನಂಗೆ ಒಪ್ಪಿಗೆ ಇಲ್ಲ. ಮಾಂಟೊವಾನಿ ಆರ್ಕೆಸ್ಟ್ರಾದ 1951ರ 'ಶಾರ್ಮೇನ್'ಗೆ ಬಿಂಜ್ ಮಾಡಿದ ಅರೇಂಜ್‌ಮೆಂಟ್ ನೋಡಿ, ಪಿಟೀಲಿನವರನ್ನ ಗುಂಪು ಗುಂಪಾಗಿ ಮಾಡಿ, ಒಂದು ಗುಂಪು ತನ್ನ ಸ್ವರ ಹಿಡಿದುಕೊಂಡೇ ಇರುವಾಗ ಇನ್ನೊಂದು ಗುಂಪು ಮುಂದಿನ ಸ್ವರ ಎತ್ಕೊಳ್ಳುತ್ತೆ, ಸ್ವರಗಳು ಒಂದರ ಮೇಲೊಂದು ಹಾದು ದೊಡ್ಡ ಚರ್ಚಿನೊಳಗೆ ಮಾರ್ದನಿ ಬಂದ ಹಾಗೆ ಕೇಳುತ್ತೆ. ಇಷ್ಟು ಲೆಕ್ಕಾಚಾರದ ಕೆಲಸಕ್ಕೆ ಲಘು ಅಂತ ಹೆಂಗನ್ನೋದು?

ಆಕಾಶವಾಣಿಯವರ 'ವಾದ್ಯವೃಂದ' ಒಳ್ಳೇ ಪದ, 1952ರಲ್ಲಿ ಶುರುವಾದ ಅವರ ರಾಷ್ಟ್ರೀಯ ವಾದ್ಯವೃಂದವನ್ನ ರವಿಶಂಕರ್ ನಡೆಸ್ತಿದ್ರು. ಆದ್ರೆ ಅದು ನುಡಿಸೋರ ಹೆಸರು, ನುಡಿಸಿದ ಕೃತಿಗೂ ಒಂದು ಬೇಕಲ್ಲ.

ನನ್ನ ಮನಸ್ಸು 'ಸ್ವರಚಿತ್ರ'ದ ಕಡೆ ವಾಲ್ತಿದೆ, ನುಡಿಚಿತ್ರ, ವ್ಯಕ್ತಿಚಿತ್ರ ಇದ್ದ ಹಾಗೆ. ಸಂಗೀತ ಕಲಿತೋರು ಸ್ವರ ಅಂದ್ರೆ ಸರಿಗಮ, ಚಿಟ್ಟೆಸ್ವರ ಅಂತ ತಿಳ್ಕೊಂಡು ಗೊಂದಲ ಆಗ್ಬಹುದಾ? ಹಾಗಿದ್ರೆ 'ವಾದ್ಯಚಿತ್ರ' ಹೇಗೆ? ರೇಡಿಯೋದಲ್ಲಿ ಕೆಲಸ ಮಾಡಿದೋರು ಯಾರಾದ್ರೂ ಇದ್ರೆ, ಎರಡು ಕಾರ್ಯಕ್ರಮದ ಮಧ್ಯೆ ಹಾಕೋ ವಾದ್ಯದ ತುಣುಕಿಗೆ ಸ್ಟುಡಿಯೋದಲ್ಲಿ ಏನಂತ ಕರೀತಿದ್ರಿ, ದಯವಿಟ್ಟು ತಿಳಿಸಿ.