ತಮ್ಮನ ಮೇಲೆ ಕನ್ನಗಳವು ಪ್ರಕರಣ: ಅನುಭವವಿದ್ದವರು ದಯವಿಟ್ಟು ತಿಳಿಸಿ

ದೊಡ್ಡಣ್ಣ (ಕೇಳಿದವರು):
ಬೀಗ ಹಾಕಿದ್ದ ಮನೆಗೆ ರಾತ್ರಿ ನುಗ್ಗಿ ಒಡವೆ ಕದ್ದ ಆರೋಪದಲ್ಲಿ ನನ್ನ ತಮ್ಮನನ್ನೂ ಅವನ ಇಬ್ಬರು ಗೆಳೆಯರನ್ನೂ ಹಿಡಿದಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 331(4) (ರಾತ್ರಿ ಕನ್ನ) ಮತ್ತು 305 (ಮನೆಯೊಳಗಿನ ಕಳವು) ಹಾಕಿದ್ದಾರೆ. ಅವನಿಗೆ 20 ವರ್ಷ 4 ತಿಂಗಳು, ಹಿಂದೆ ಯಾವ ಪ್ರಕರಣವೂ ಇಲ್ಲ. ಹೊರಗೆ ಕಾವಲು ನಿಂತಿದ್ದೆ, ಒಳಗೆ ಕಾಲಿಟ್ಟಿಲ್ಲ ಎನ್ನುತ್ತಾನೆ. ಆ ಮನೆಯವರು ರಾಜಿಗೆ ಒಪ್ಪುವಂತಿದ್ದಾರೆ. ರಾಜಿಯಾದರೆ ಮುಗಿಯುತ್ತದೆಯೇ? ಖಾಸಗಿ ವಕೀಲರನ್ನು ಹಿಡಿಯಬೇಕೋ, ಉಚಿತ ಕಾನೂನು ನೆರವೇ ಸಾಕೋ?

53 ವಾಯಿದೆ:
ಹೋರಾಡಿ. ಬೇರೆ ಮಾತೇ ಇಲ್ಲ. 2016ರಲ್ಲಿ ನನ್ನನ್ನು ಚಹಾದಂಗಡಿಯಿಂದ ಎತ್ತಿಕೊಂಡು ಹೋದರು. ಆಗ ಹಳೆಯ ದಂಡ ಸಂಹಿತೆ ಐಪಿಸಿಯಲ್ಲಿ ಇವೇ ಅಪರಾಧಗಳ ಕಲಂಗಳು, 457, 380. ಬಸ್ ನಿಲ್ದಾಣದ ಹಿಂದಿನ ಪೊದೆಯಿಂದ ಒಂದು ಜೊತೆ ಓಲೆಯನ್ನು ನಾನೇ ತೋರಿಸಿ ತೆಗೆದುಕೊಟ್ಟೆನಂತೆ. ಆ ಪೊದೆಯನ್ನು ನಾನು ಮೊದಲ ಸಲ ನೋಡಿದ್ದು ಮಹಜರಿನ (ಮಾಲು ಸಿಕ್ಕಿತೆಂದು ಪೊಲೀಸರು ಸಾಕ್ಷಿಗಳ ಮುಂದೆ ಬರೆಯುವ ದಾಖಲೆ) ಫೋಟೋದಲ್ಲಿ. ಕೆಳಗಿನ ಕೋರ್ಟಿನಲ್ಲಿ ಜಾಮೀನು ಅರ್ಜಿಗೆ 18,000 ಕೊಟ್ಟೆವು, ವಜಾ ಆಯಿತು. ಸೆಷನ್ಸ್‌ಗೆ 30,000. ಜಾಮೀನುದಾರನಾಗಲು ಪಹಣಿ ತಂದ ದೂರದ ಸಂಬಂಧಿಗೆ 12,000, ಮೇಲೆ ಬಸ್ ಚಾರ್ಜು, ಊಟ, ಒಂದು ಜೊತೆ ಚಪ್ಪಲಿ. ಚಪ್ಪಲಿ ಯಾಕೆಂದು ಇವತ್ತಿಗೂ ಅರ್ಥವಾಗಿಲ್ಲ. ಬಿಡುಗಡೆ ಆದೇಶ ಜೈಲಿಗೆ ತಲುಪಿದ ದಿನವೇ ಪಕ್ಕದ ಜಿಲ್ಲೆಯಿಂದ ಬಾಡಿ ವಾರೆಂಟ್ ಬಂತು, ಅಂದರೆ ಜೈಲಿನಲ್ಲಿರುವವನನ್ನು ಬೇರೆ ಪ್ರಕರಣಕ್ಕೆ ಹಾಜರುಪಡಿಸಿ ಎಂಬ ಆದೇಶ. ಪತ್ತೆಯಾಗದ ಇನ್ನೆರಡು ಹಳೆಯ ಪ್ರಕರಣಗಳನ್ನು ನನ್ನ ಹೆಗಲಿಗೇ ಕಟ್ಟಿದ್ದರು. ಮತ್ತೆ ಅರ್ಜಿ, ಮತ್ತೆ ಪಹಣಿ. ಆರು ವರ್ಷ, 53 ವಾಯಿದೆ, ಒಟ್ಟು 2,87,000 ರೂಪಾಯಿ. ಕೊನೆಗೆ ಪಾಟೀಸವಾಲಿನಲ್ಲಿ ನಮ್ಮ ವಕೀಲರು ಪಂಚನನ್ನು (ಮಹಜರಿಗೆ ಸಹಿ ಹಾಕಿದ ಸಾಕ್ಷಿ) ಕೇಳಿದರು, ಈ ಠಾಣೆಯ ಎಷ್ಟು ಮಹಜರುಗಳಿಗೆ ಸಹಿ ಹಾಕಿದ್ದೀರಿ ಎಂದು. ‘ಲೆಕ್ಕ ಇಟ್ಟಿಲ್ಲ ಸ್ವಾಮಿ’ ಎಂದ. ಖುಲಾಸೆಯಾಯಿತು.

ನಿವೃತ್ತ ಮೇಷ್ಟ್ರು:
ಮೇಲಿನವರು ಆರು ವರ್ಷ ಕಳೆದುಕೊಂಡದ್ದನ್ನೇ ಗೆಲುವು ಎನ್ನುತ್ತಿದ್ದಾರೆ. ನನ್ನ ಮಗನದು ಹನ್ನೊಂದು ತಿಂಗಳಿಗೆ ಮುಗಿಯಿತು. ಅವನು ಕದ್ದಿದ್ದ, ನಿಜ. ಶೆಟರ್ ಎತ್ತಿ ನಾಲ್ಕು ಮೊಬೈಲ್ ತಂದಿದ್ದ. ನಾನೇ ಕೈಹಿಡಿದು ಕರೆದುಕೊಂಡು ಹೋಗಿ ತಪ್ಪೊಪ್ಪಿಕೊಳ್ಳಲು ಹೇಳಿದೆ. 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 6ನೆಯ ಕಲಂ ಪ್ರಕಾರ 21 ತುಂಬದವರನ್ನು ಜೈಲಿಗೆ ಕಳುಹಿಸಬೇಕಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಪರಿವೀಕ್ಷಣಾಧಿಕಾರಿ ಮನೆಗೆ ಬಂದು ವರದಿ ಕೊಟ್ಟರು, ಎರಡು ವರ್ಷದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಗಮನಿಸಿ, ಲೆಕ್ಕಕ್ಕೆ ಬರುವುದು ಕಳವು ನಡೆದ ದಿನದ ವಯಸ್ಸಲ್ಲ, ತಪ್ಪಿತಸ್ಥನೆಂದು ತೀರ್ಮಾನವಾಗುವ ದಿನದ್ದು. ಎಳೆದಾಡುತ್ತಾ ಕುಳಿತರೆ 21 ದಾಟುತ್ತದೆ, ಆ ಬಾಗಿಲು ಮುಚ್ಚುತ್ತದೆ. ಈಗ ಅವನು ಲೇತ್ ಯಂತ್ರ ನಡೆಸುತ್ತಾನೆ. ಊರಿನಲ್ಲಿ ತಲೆಯೆತ್ತಿಯೇ ಓಡಾಡುತ್ತೇನೆ.

53 ವಾಯಿದೆ:
ಮೇಷ್ಟ್ರೇ, ನಿಮ್ಮ ಮಗ ಕದ್ದಿದ್ದ, ಒಪ್ಪಿಕೊಂಡ. ನಾನು ಕದ್ದಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತೀರಲ್ಲ! ನಾಳೆ ಆ ಹುಡುಗ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗ ಪೊಲೀಸ್ ಪರಿಶೀಲನೆಯಲ್ಲಿ ಏನು ಬರುತ್ತದೆ? ಅಪರಾಧ ಸಾಬೀತು!

ನಿವೃತ್ತ ಮೇಷ್ಟ್ರು:
ಅದೇ ಕಾಯ್ದೆಯ 12ನೆಯ ಕಲಂ ಓದಿ. ಶಿಕ್ಷೆಯ ಜೊತೆ ಬರುವ ಅನರ್ಹತೆ ಅಂಟುವುದಿಲ್ಲ. ನಿಮ್ಮ ಖುಲಾಸೆಯೂ ಅಂಥ ಪರಿಶುದ್ಧವೇನಲ್ಲ. ‘ಸಂಶಯದ ಲಾಭ’ ಎಂದು ತೀರ್ಪಿನಲ್ಲಿ ಇರಬೇಕಲ್ಲ?

53 ವಾಯಿದೆ:
ಇದೆ. ಇದ್ದರೆ ನಿಮಗೇನು ಕಷ್ಟ?

ವಕೀಲರ ಗುಮಾಸ್ತ:
ಇಬ್ಬರೂ ಸ್ವಲ್ಪ ತಣ್ಣಗಾಗಿ. 31 ವರ್ಷ ಕಡತ ಹೊತ್ತವನು ನಾನು. ಮೇಷ್ಟ್ರೇ, ಅನರ್ಹತೆ ಇಲ್ಲ ಎಂದ ಮಾತ್ರಕ್ಕೆ ಅರ್ಜಿಯಲ್ಲಿ ಮುಚ್ಚಿಡಬಹುದು ಎಂದಲ್ಲ. ಕೆಲಸದ ಅರ್ಜಿಯಲ್ಲಿ ಪ್ರಕರಣ ಮುಚ್ಚಿಡುವ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2016ರ ಅವತಾರ್ ಸಿಂಗ್ ತೀರ್ಪಿನ ನಂತರ ಮುಚ್ಚಿಟ್ಟವರೇ ಹೆಚ್ಚು ಕೆಟ್ಟಿದ್ದಾರೆ, ಖುಲಾಸೆಯಾದವರೂ ಸೇರಿ.
ರಾಜಿ ಕೇಳಿದ್ದೀರಿ. 331(4) ಕ್ಕೂ 305 ಕ್ಕೂ ಕೆಳಗಿನ ಕೋರ್ಟಿನಲ್ಲಿ ರಾಜಿ ಇಲ್ಲ. ಹೈಕೋರ್ಟಿಗೆ ಹೋಗಿ ಪ್ರಕರಣದ ರದ್ದತಿ ಕೇಳಬೇಕು, ಅದು ಬೇರೆಯೇ ಖರ್ಚು. 305 ಮಾತ್ರ ಇದ್ದಿದ್ದರೆ ಗರಿಷ್ಠ ಏಳು ವರ್ಷ, 2014ರ ಅರ್ನೇಶ್ ಕುಮಾರ್ ತೀರ್ಪಿನಂತೆ ಸಾಮಾನ್ಯವಾಗಿ ಬಂಧಿಸದೆ ನೋಟಿಸ್ ಕೊಟ್ಟು ಕರೆಯಬೇಕಿತ್ತು. ರಾತ್ರಿ ಕನ್ನ ಸೇರಿದ ಕೂಡಲೇ ಹದಿನಾಲ್ಕಕ್ಕೆ ಏರುತ್ತದೆ, ಬಂಧನದ ದಾರಿ ಸಲೀಸು. ಆದ್ದರಿಂದ ಕಳವು ಸೂರ್ಯಾಸ್ತದ ನಂತರವೇ ನಡೆಯಿತು ಎಂಬುದಕ್ಕೆ ಏನು ಸಾಕ್ಷ್ಯ ಎಂದು ಮೊದಲು ನೋಡುತ್ತೇವೆ. ಮೂರು ದಿನ ಊರಿನಲ್ಲಿರದ ಮನೆಯವರು ಗಂಟೆ ಹೇಗೆ ಹೇಳುತ್ತಾರೆ?
ನನ್ನ ಎದೆಯಲ್ಲಿ ಉಳಿದಿರುವುದು ಒಂದು ಪ್ರಕರಣ. ಇದೇ ಕಲಂಗಳು. ಕನಿಷ್ಠ ಶಿಕ್ಷೆ ಹತ್ತು ವರ್ಷ ಇಲ್ಲದ್ದರಿಂದ 60 ದಿನದೊಳಗೆ ದೋಷಾರೋಪಣ ಪಟ್ಟಿ ಬರಬೇಕು, 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಹೇಳಿದ್ದು ಅದನ್ನೇ. 61ನೆಯ ದಿನ ಬೆಳಿಗ್ಗೆ ಅರ್ಜಿ ಟೈಪ್ ಆಗಿ ನನ್ನ ಚೀಲದಲ್ಲಿತ್ತು. ಯಜಮಾನರು ‘ಊಟ ಮುಗಿಸಿ ಹಾಕೋಣ’ ಎಂದರು. ನಾನು ಸುಮ್ಮನಿದ್ದೆ. ಮಧ್ಯಾಹ್ನ ಒಂದೂವರೆಗೆ ಪೇದೆಯೊಬ್ಬರು ಕಂತೆ ಹಿಡಿದು ಬಂದು ಪಟ್ಟಿ ಸಲ್ಲಿಸಿಯೇಬಿಟ್ಟರು. ಅರ್ಜಿ ಮೊದಲು ಬಿದ್ದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತಿತ್ತು. ಆ ಹುಡುಗ ಮತ್ತೆ ನಾಲ್ಕು ತಿಂಗಳು ಒಳಗಿದ್ದ. ಅವನ ತಾಯಿ ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.
ಇನ್ನೊಂದು. ಕಾವಲು ನಿಂತಿದ್ದ ಎಂದು ಬರೆದಿದ್ದೀರಲ್ಲ, ಅದನ್ನು ಅಳಿಸಿ. ಅದು ಸಮರ್ಥನೆಯಲ್ಲ, ಸಮಾನ ಉದ್ದೇಶದಿಂದ ಸೇರಿದವರೆಲ್ಲ ಒಂದೇ ಹೊಣೆ ಎನ್ನುವ ಕಲಂ 3(5) ಕ್ಕೆ ನೀವೇ ಕೊಟ್ಟ ಸಾಕ್ಷಿ.

ಅವಲಕ್ಕಿ ಸರ:
ಕಳ್ಳರ ಕಡೆಯವರೇ ಇಷ್ಟು ಮಂದಿ ಸೇರಿದ್ದೀರಿ, ಕಳೆದುಕೊಂಡವಳೊಬ್ಬಳು ಮಾತನಾಡಲೇ? ನನ್ನ ತಾಯಿಯ ಅವಲಕ್ಕಿ ಸರ 48 ಗ್ರಾಂ. ದೂರಿನಲ್ಲಿ ಬರೆದುಕೊಂಡದ್ದು 38. ಬಿಲ್ ಎಲ್ಲಿ ಎಂದರು. 1974ರ ಮದುವೆಯ ಸರಕ್ಕೆ ಬಿಲ್ಲು! ಆರು ತಿಂಗಳಿಗೆ ಸಿಕ್ಕಿತು ಎಂದು ಫೋನ್ ಬಂತು. ಓಡಿದೆ. ಬಿಳಿ ಬಟ್ಟೆಯ ಪೊಟ್ಟಣ ಬಿಚ್ಚಿ ತೋರಿಸಿದ್ದು ಹೆಬ್ಬೆರಳ ಗಾತ್ರದ ಒಂದು ಗಟ್ಟಿ, 31 ಗ್ರಾಂ. ಅವಲಕ್ಕಿಯಂಥ ಒಂದೊಂದು ಎಸಳನ್ನೂ ಅಮ್ಮ ಹಬ್ಬದ ಹಿಂದಿನ ದಿನ ಅಂಟುವಾಳದ ನೀರಿನಲ್ಲಿ ಉಜ್ಜುತ್ತಿದ್ದರು. ಇದು ನಿಮ್ಮದೇ ಎಂದು ಗುರುತಿಸಿ ಎಂದರು. ಗಟ್ಟಿಯನ್ನು ಏನೆಂದು ಗುರುತಿಸಲಿ? ಅದನ್ನು ಮಧ್ಯಂತರ ಸುಪರ್ದಿಗೆ (ಪ್ರಕರಣ ಮುಗಿಯುವವರೆಗೆ ನಮ್ಮ ವಶಕ್ಕೆ) ಪಡೆಯಲು ವಕೀಲರಿಗೆ 7,000, ಬಾಂಡು, ಫೋಟೋ. ಮಾರುವಂತಿಲ್ಲ, ರೂಪ ಬದಲಿಸುವಂತಿಲ್ಲ ಎಂಬ ಷರತ್ತು ಬೇರೆ. ಬದಲಿಸಲು ರೂಪ ಉಳಿದಿದ್ದರೆ ತಾನೇ! ಕದ್ದವನಿಗಿಂತ ಕೊಂಡು ಕರಗಿಸಿದ ಅಂಗಡಿಯವನ ಮೇಲೆ ನನಗೆ ಸಿಟ್ಟು. ಅವನು ಸಾಕ್ಷಿಯಾಗಿ ಕುಳಿತ, ಆರೋಪಿಯಾಗಲಿಲ್ಲ.

ಬೆಳ್ಳಿ ತಕ್ಕಡಿ:
ಅಕ್ಕಾ, ಎಲ್ಲ ಅಂಗಡಿಯವರನ್ನೂ ಒಂದೇ ಮಾತಿನಲ್ಲಿ ಬೈಯಬೇಡಿ. ನಮ್ಮದು ಮೂರು ತಲೆಮಾರಿನ ಅಕ್ಕಸಾಲಿಕೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗನನ್ನು ಜೀಪಿನಲ್ಲಿ ತಂದು ನಿಲ್ಲಿಸಿ ‘ಇವರಿಗೇ ಕೊಟ್ಟೆ’ ಎನ್ನಿಸಿದರು. ನಾನು ಅವನ ಮುಖವನ್ನೇ ಕಂಡಿರಲಿಲ್ಲ. ಪುಸ್ತಕ ತೋರಿಸಿದೆ, ಕೇಳಲಿಲ್ಲ. ಕದ್ದ ಮಾಲು ಕೊಂಡ ಪ್ರಕರಣವಾದರೆ ಮೂರು ವರ್ಷದವರೆಗೆ ಶಿಕ್ಷೆ, ಅಂಗಡಿಗೆ ಕೆಟ್ಟ ಹೆಸರು. ಹೆದರಿ ನನ್ನ ಸ್ವಂತ 22 ಗ್ರಾಂ ತೆಗೆದುಕೊಟ್ಟೆ. ಯಾರದೋ ಸರವೆಂದು ಅದು ಈಗ ಯಾರದೋ ಮನೆಯಲ್ಲಿದೆ.

ಅವಲಕ್ಕಿ ಸರ:
ನಾನು ನಿಮ್ಮ ಹೆಸರು ಹೇಳಿದೆನೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಬೆಳ್ಳಿ ತಕ್ಕಡಿ:
ಕಳ್ಳನಲ್ಲದವನೂ ಹೆಗಲು ಮುಟ್ಟಿಕೊಳ್ಳುವ ಕಾಲ ಇದು. 48 ಗ್ರಾಂ 31 ಆದದ್ದಕ್ಕೆ ಕರಗಿಸಿದವನೊಬ್ಬನೇ ಕಾರಣವಲ್ಲ, ಹಳೆಯ ಸರದಲ್ಲಿ ಅರಗು, ಬೆಸುಗೆ, ನೂಲು ಎಲ್ಲ ಇರುತ್ತದೆ.

ಅವಲಕ್ಕಿ ಸರ:
ಹದಿನೇಳು ಗ್ರಾಂ ಅರಗೇ?

53 ವಾಯಿದೆ:
ನೋಡಿದಿರಾ, ನನ್ನ ‘ಓಲೆ’ಯೂ ಹೀಗೆಯೇ ಯಾವುದೋ ಅಂಗಡಿಯಿಂದ ಬಂದು ಪೊದೆಗೆ ಬಿದ್ದಿರಬೇಕು. ಮೇಷ್ಟ್ರು ಈಗ ಏನು ಹೇಳುತ್ತಾರೆ?

ನಿವೃತ್ತ ಮೇಷ್ಟ್ರು:
ನಾಲ್ಕು ಮೊಬೈಲ್ ನಮ್ಮ ಅಟ್ಟದ ಮೇಲೆಯೇ ಸಿಕ್ಕಿದ್ದವು. ಇನ್ನೇನು ಹೇಳಲಿ?

ದೊಡ್ಡಣ್ಣ (ಕೇಳಿದವರು):
ಎಲ್ಲರಿಗೂ ನಮಸ್ಕಾರ. ಕಾವಲಿನ ಆ ಸಾಲು ಈಗಲೇ ಅಳಿಸುತ್ತೇನೆ. ಇವತ್ತಿಗೆ ಒಂಬತ್ತನೆಯ ದಿನ. ಗುಮಾಸ್ತರೇ, ಮೊದಲ ರಿಮಾಂಡ್ ದಿನವನ್ನೂ (ನ್ಯಾಯಾಧೀಶರು ಕಸ್ಟಡಿಗೆ ಕೊಟ್ಟ ದಿನ) 60ರ ಎಣಿಕೆಗೆ ಹಿಡಿಯಬೇಕೇ? ಕಾನೂನು ನೆರವಿನ 15100 ಕ್ಕೆ ಫೋನ್ ಮಾಡಿದ್ದೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತೇವೆ ಎಂದರು. ಅವರನ್ನೇ ನಂಬಬಹುದೇ?

ವಕೀಲರ ಗುಮಾಸ್ತ:
ರಿಮಾಂಡ್ ಆದ ದಿನವೇ ಒಂದು. ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಬನ್ನಿ. ವಕೀಲರು ಯಾರಾದರೂ ಆಗಲಿ, 61ನೆಯ ದಿನ ಅವರಿಗೆ ಊಟಕ್ಕೆ ಬಿಡಬೇಡಿ.

ಅವಲಕ್ಕಿ ಸರ:
ತಕ್ಕಡಿಯವರು ಇನ್ನೂ ಉತ್ತರ ಕೊಟ್ಟಿಲ್ಲ.